ಪೊಂಬುರ್ಚದಿಂದ ಹುಂಚದವರೆಗೆ: ಕನ್ನಡದ ಬರಹಭೇದಗಳನ್ನು ಗಣಕದಲ್ಲಿ ಹೊಂದಿಸುವ ಬಗೆ

ಬಿ. ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಎಂಟನೆಯ ಸಂಪುಟ 1904ರಲ್ಲಿ ಅಚ್ಚಾಯಿತು. ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ. ಅಂದಿನ ನಗರ ತಾಲ್ಲೂಕೇ ಹೆಚ್ಚುಕಡಿಮೆ ಇಂದಿನ ಹೊಸನಗರ. ಶರಾವತಿ ಸೀಮೆಯ ಚರಿತ್ರೆಯನ್ನು ಬರೆಯಹೊರಟ ಯಾರೂ ಈ ಸಂಪುಟವನ್ನು ದಾಟಿ ಹೋಗುವಂತಿಲ್ಲ. ಸಾಂತರರು ಆಳಿದ್ದು, ಬಸದಿಗಳಿಗೆ ದತ್ತಿ ಬಿಟ್ಟಿದ್ದು, ಕೆಳದಿಯ ಅರಸರು ಮಠ ಅಗ್ರಹಾರಗಳಿಗೆ ಉಂಬಳಿ ಕೊಟ್ಟಿದ್ದು ಎಲ್ಲವೂ ಅಲ್ಲಿದೆ. ಆದರೆ ಈ ಶಾಸನಗಳ ಪಠ್ಯವನ್ನು ಗಣಕಕ್ಕೆ ಏರಿಸಿ ‘ಹುಂಚ’ ಎಂದು ಹುಡುಕಿದರೆ, ಸಾಂತರರ ರಾಜಧಾನಿಯಾಗಿದ್ದ ಆ ಊರಿನ ಅತ್ಯಂತ ಹಳೆಯ ಉಲ್ಲೇಖಗಳೇ ತಪ್ಪಿಹೋಗುತ್ತವೆ. ಏಕೆಂದರೆ ಕಲ್ಲಿನ ಮೇಲೆ ಇರುವುದು ಪೊಂಬುರ್ಚ, ಪೊಂಬುರ್ಚ್ಚ, ಪೊಂಬುಚ್ಚ, ಕೆಲವೆಡೆ ಪಟ್ಟಿಪೊಂಬುರ್ಚ. ಪದ್ಮಾವತಿಯ ದರ್ಶನಕ್ಕೆ ಬರುವ ಜೈನ ಯಾತ್ರಿಕರು ಹೊಂಬುಜ ಎನ್ನುತ್ತಾರೆ, ಸುತ್ತಲಿನ ರೈತರು ಹುಂಚ ಎನ್ನುತ್ತಾರೆ. ಊರು ಒಂದೇ, ಬರಹ ಹಲವು. ಈ ಹಲವನ್ನು ಒಂದರೊಡನೊಂದು ಹೊಂದಿಸುವ ಕೆಲಸವನ್ನು ಯಂತ್ರಕ್ಕೆ ಹೇಗೆ ಕಲಿಸಬೇಕು ಎಂಬುದು ಈ ಉಪನ್ಯಾಸದ ವಿಷಯ. ನನ್ನ ವಾದ ಇಷ್ಟು: ಇವು ತಪ್ಪುಗಳಲ್ಲ, ಆದ್ದರಿಂದ ಯಂತ್ರ ಇವನ್ನು ತಿದ್ದಬಾರದು, ಹೊಂದಿಸಬೇಕು, ಹೊಂದಿಸುವ ಸೂತ್ರಗಳು ಬೇರೆ ಭಾಷೆಗೆಂದು ಮಾಡಿದ ಅಳತೆಗೋಲಿನಿಂದ ಬರಲಾರವು, ಕನ್ನಡದ ಧ್ವನಿಚರಿತ್ರೆಯಿಂದಲೇ ಬರಬೇಕು.

ಇದು ಶಾಸನ ಓದುವವರ ತೊಂದರೆ ಮಾತ್ರ ಎಂದು ಯಾರೂ ಭಾವಿಸಬೇಕಿಲ್ಲ. ಶರಾವತಿ ಹಿನ್ನೀರಿನ ಯಾತ್ರಾಸ್ಥಳ ಸಿಗಂದೂರಿನ ಹೆಸರೇ ಒಂದು ಫಲಕದಲ್ಲಿ ‘ಸಿಗಂದೂರು’, ಇನ್ನೊಂದರಲ್ಲಿ ‘ಸಿಗಂಧೂರು’. ಅಲ್ಲಿನ ದೇವಿ ಒಂದು ಆಮಂತ್ರಣದಲ್ಲಿ ಚೌಡೇಶ್ವರಿ, ಮತ್ತೊಂದರಲ್ಲಿ ಚವುಡೇಶ್ವರಿ, ಮನೆಮಾತಿನಲ್ಲಿ ಚೌಡಮ್ಮ. 2025ರ ಜುಲೈಯಲ್ಲಿ ಹಿನ್ನೀರಿನ ಮೇಲೆ ಸೇತುವೆ ತೆರೆದಾಗ ಅದರ ಈಚೆ ದಡದ ಊರು ಸುದ್ದಿಗಳಲ್ಲಿ ಅಂಬಾರಗೋಡ್ಲು ಎಂದೂ ಅಂಬಾರಗೊಡ್ಲು ಎಂದೂ ಅಂಬರಗೋಡ್ಲು ಎಂದೂ ಬಂತು. ಓದುವ ಕಣ್ಣು ಇದನ್ನು ಗಮನಿಸದೆ ಮುಂದೆ ಹೋಗುತ್ತದೆ. ಗಣಕಕ್ಕೆ ಮಾತ್ರ ಇವು ಮೂರು ಬೇರೆ ಊರುಗಳು. ಅಷ್ಟೇ ಅಲ್ಲ, ಕಣ್ಣಿಗೆ ಒಂದೇ ಆಗಿ ಕಾಣುವ ಬರಹವೂ ಗಣಕದ ಒಳಗೆ ಎರಡಾಗಿರಬಹುದು. ಬೆರಳಚ್ಚಿಸುವವರು ಅನುಸ್ವಾರದ ಬದಲು ಕನ್ನಡದ ಸೊನ್ನೆಯ ಅಂಕಿಯನ್ನು ಒತ್ತಿರುತ್ತಾರೆ. ಕಾಗದದ ಮೇಲೆ ಎರಡೂ ಅದೇ ದುಂಡು. ‘ರ‍್ಯಾಂಕ್’ ಎಂದು ಅರ್ಕಾವತ್ತಿಲ್ಲದೆ ಬರೆಯಲು ನಡುವೆ ಕಣ್ಣಿಗೆ ಕಾಣದ ಒಂದು ಕೂಡುಗುರುತು ಸೇರಿರುತ್ತದೆ. ಒತ್ವವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ ಮತ್ತು ಕೊಂಬಿನ ದೀರ್ಘಗಳ ಜೋಡಿಯಾಗಿಯೂ ಇಡಬಹುದು. ಯೂನಿಕೋಡ್ ಪಟ್ಟಿಯಲ್ಲಂತೂ ನಮ್ಮ ೞ ಅಕ್ಷರಕ್ಕೆ ‘ಫ’ ಧ್ವನಿಯ ಹೆಸರು ತಪ್ಪಾಗಿ ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಅದು ಹಾಗೇ ಉಳಿದು, ಪಕ್ಕದಲ್ಲಿ ಸರಿಯಾದ ಹೆಸರನ್ನು ಸೇರಿಸಿದ್ದಾರೆ. ಈ ಮಟ್ಟದ ತೊಡಕುಗಳನ್ನು ಯಾಂತ್ರಿಕವಾಗಿಯೇ ಬಿಡಿಸಬಹುದು, ಅವುಗಳ ಬಗ್ಗೆ ವಾದವಿಲ್ಲ. ಕಷ್ಟ ಶುರುವಾಗುವುದು ಅಲ್ಲಿಂದ ಮುಂದೆ.

ಎರಡು ಪದಗಳು ಎಷ್ಟು ಹತ್ತಿರ ಎಂದು ಅಳೆಯಲು ಗಣಕ ವಿಜ್ಞಾನದಲ್ಲಿ ಬಹಳ ಬಳಕೆಯಲ್ಲಿರುವ ವಿಧಾನ ರಷ್ಯಾದ ಲೆವೆನ್‌ಸ್ಟೈನ್ 1965ರಲ್ಲಿ ಮಂಡಿಸಿದ್ದು. ಒಂದು ಪದವನ್ನು ಇನ್ನೊಂದಾಗಿಸಲು ಎಷ್ಟು ಗುರುತುಗಳನ್ನು ಸೇರಿಸಬೇಕು, ಅಳಿಸಬೇಕು, ಬದಲಿಸಬೇಕು ಎಂದು ಎಣಿಸುವುದು. ಎಣಿಕೆ ಕಡಿಮೆಯಾದಷ್ಟೂ ಪದಗಳು ಹತ್ತಿರ. ಇದನ್ನು ನಮ್ಮ ಊರಿನ ಹೆಸರಿನ ಮೇಲೆಯೇ ಪ್ರಯೋಗಿಸಿ ನೋಡೋಣ. ‘ಪೊಂಬುರ್ಚ’ ಕಣ್ಣಿಗೆ ಮೂರು ಅಕ್ಷರ, ಗಣಕದ ಒಳಗೆ ಎಂಟು ಸಂಕೇತ: ಪ, ಒತ್ವ, ಅನುಸ್ವಾರ, ಬ, ಕೊಂಬು, ರ, ವಿರಾಮ, ಚ. ‘ಹುಂಚ’ದಲ್ಲಿ ನಾಲ್ಕು: ಹ, ಕೊಂಬು, ಅನುಸ್ವಾರ, ಚ. ಮೊದಲನೆಯದು ಎರಡನೆಯದಾಗಬೇಕಾದರೆ ಪಕಾರ ಹಕಾರವಾಗಬೇಕು, ಒತ್ವ ಕೊಂಬಾಗಬೇಕು, ನಡುವಿನ ನಾಲ್ಕು ಸಂಕೇತಗಳು ಅಳಿಯಬೇಕು. ಒಟ್ಟು ಆರು ಬದಲಾವಣೆ, ಎಂಟು ಸಂಕೇತಗಳ ಪದದಲ್ಲಿ. ಈಗ ‘ಹುಂಚ’ವನ್ನು ‘ಹುಂಬ’ದೊಡನೆ ಹೋಲಿಸಿದರೆ ಬದಲಾವಣೆ ಒಂದೇ. ಎಂದರೆ ಈ ಅಳತೆಗೋಲಿನ ಪ್ರಕಾರ ಊರಿನ ಹೆಸರಿಗೆ ಅದರ ಸ್ವಂತ ಹಳೆಯ ರೂಪಕ್ಕಿಂತ ‘ಮೂಢ’ ಎಂಬರ್ಥದ ಹುಂಬ ಪದವೇ ಆರು ಪಟ್ಟು ಹತ್ತಿರ. ಅಳತೆಯಲ್ಲಿ ಲೆಕ್ಕದ ದೋಷವಿಲ್ಲ. ಪ ಮತ್ತು ಹ ಕನ್ನಡದಲ್ಲಿ ಬಂಧುಗಳು, ಚ ಮತ್ತು ಬ ಅಲ್ಲ ಎಂಬ ತಿಳಿವು ಅದಕ್ಕಿಲ್ಲ, ಅಷ್ಟೆ.

ಆ ತಿಳಿವನ್ನು ಕೊಟ್ಟರೆ ಏನಾಗುತ್ತದೆ? ಪೊಂಬುರ್ಚ್ಚದಲ್ಲಿ ರೇಫದ ಮುಂದಿನ ಒತ್ತು ಬರಹದ ರೂಢಿ ಮಾತ್ರ. ಧರ್ಮ್ಮ, ಸರ್ವ್ವ, ಕೀರ್ತ್ತಿ ಎಂದು ಶಾಸನಗಳಲ್ಲಿ ಎಲ್ಲೆಡೆ ಕಾಣುವ ಈ ರೂಢಿಯನ್ನು ಬದಿಗಿಟ್ಟರೆ ಪೊಂಬುರ್ಚ ಸಿಗುತ್ತದೆ. ಪಾಲ್ ಹಾಲಾದಂತೆ, ಪುಲಿ ಹುಲಿಯಾದಂತೆ, ಪೆಸರ್ ಹೆಸರಾದಂತೆ ಪದಾದಿಯ ಪಕಾರ ಹಕಾರವಾದರೆ ಹೊಂಬುರ್ಚ. ರೇಫ ಮುಂದಿನ ವ್ಯಂಜನದಲ್ಲಿ ಲೀನವಾದರೆ ಹೊಂಬುಚ್ಚ. ಕುಡು-ಕೊಡು ಎಂಬಂತೆ ಪದಾದಿಯಲ್ಲಿ ಒ ಮತ್ತು ಉ ಒಂದರ ಜಾಗಕ್ಕೆ ಇನ್ನೊಂದು ಬರುವುದು ಕನ್ನಡಕ್ಕೆ ಹೊಸದಲ್ಲ. ನಡುವಿನ ಸ್ವರ ಸವೆದು ಬಕಾರ ಬಿದ್ದರೆ ಹುಂಚ. ಹೊಂಬುಚ್ಚದ ಒತ್ತು ಸಡಿಲಾಗಿ ಚಕಾರ ಜಕಾರವಾದರೆ ಹೊಂಬುಜ. ಪ್ರತಿ ಹೆಜ್ಜೆಗೂ ಭಾಷೆಯಲ್ಲಿ ಬೇರೆ ಸಾಕ್ಷಿಗಳಿವೆ. ಹಾಗೆ ಸಾಕ್ಷಿಯಿರುವ ಬದಲಾವಣೆಗೆ ಕಡಿಮೆ ದಂಡ, ಸಾಕ್ಷಿಯಿಲ್ಲದ್ದಕ್ಕೆ ಪೂರ್ತಿ ದಂಡ ಎಂದು ಯಂತ್ರಕ್ಕೆ ಹೇಳಿಕೊಟ್ಟರೆ, ಪೊಂಬುರ್ಚ ಹುಂಚದ ಸಮೀಪಕ್ಕೆ ಬರುತ್ತದೆ, ಹುಂಬ ದೂರ ನಿಲ್ಲುತ್ತದೆ. ತೂಕವಿಟ್ಟ ಅಳತೆ ಎಂದು ಇದಕ್ಕೆ ಹೆಸರು. ಲೆವೆನ್‌ಸ್ಟೈನ್ ಲೆಕ್ಕವೇ, ಆದರೆ ತಕ್ಕಡಿಯ ಕಲ್ಲುಗಳನ್ನು ಕನ್ನಡ ಕೊಟ್ಟಿರುತ್ತದೆ.

ಸ್ಕಾಟ್‌ಲೆಂಡಿನ ಸ್ಕಾಟ್ಸ್ ಭಾಷೆಯವರಿಗೂ ಇದೇ ಪಾಡು. ಇಂಗ್ಲಿಷಿನ ಒಡಹುಟ್ಟಾದ ಆ ಭಾಷೆಗೆ ಎಲ್ಲರೂ ಒಪ್ಪಿದ ಒಂದು ಕಾಗುಣಿತ ಇಂದಿಗೂ ನೆಲೆಗೊಂಡಿಲ್ಲ. ‘ಒಳ್ಳೆಯ’ ಎಂಬರ್ಥದ ಒಂದೇ ಪದವನ್ನು ಒಬ್ಬರು ಜಿ-ಯು-ಐ-ಡಿ ಎಂದು ಬರೆದರೆ ಇನ್ನೊಬ್ಬರು ಜಿ-ಯು-ಡಿ-ಇ ಎನ್ನುತ್ತಾರೆ. ಹಳೆಯ ದಸ್ತಾವೇಜುಗಳಲ್ಲಿ, ಇಂಗ್ಲಿಷಿನವರು ಡಬ್ಲ್ಯು-ಎಚ್ ಬರೆಯುವ ಕಡೆ ಇವರು ಕ್ಯು-ಯು-ಎಚ್ ಬರೆದಿದ್ದಾರೆ. ಉಚ್ಚಾರ ಹೋಲುವ ಹೆಸರುಗಳನ್ನು ಒಟ್ಟುಗೂಡಿಸಲು ಅಮೆರಿಕದ ರಸೆಲ್ 1918ರಲ್ಲಿ ಪೇಟೆಂಟ್ ಪಡೆದ ಸೌಂಡೆಕ್ಸ್ ಎಂಬ ಹಳೆಯ ಪದ್ಧತಿ ಇಲ್ಲೂ ಕನ್ನಡದಲ್ಲೂ ಕೈಕೊಡುತ್ತದೆ. ಏಕೆಂದರೆ ಅದು ಪದದ ಮೊದಲ ಅಕ್ಷರವನ್ನು ಹಾಗೇ ಉಳಿಸಿಕೊಂಡು ಉಳಿದವನ್ನು ಮಾತ್ರ ಅಂಕಿಗಳ ಗುಂಪಿಗೆ ಇಳಿಸುತ್ತದೆ. ಕನ್ನಡದ ದೊಡ್ಡ ಬದಲಾವಣೆ, ಪಕಾರ ಹಕಾರವಾದದ್ದು, ಎದ್ದು ಕಾಣುವುದು ಆ ಮೊದಲ ಅಕ್ಷರದಲ್ಲೇ. ವ-ಬ ಬದಲಾವಣೆಯೂ ಅಷ್ಟೆ. ಎಂದಮೇಲೆ ಸೌಂಡೆಕ್ಸನ್ನು ಕನ್ನಡ ಲಿಪಿಗೆ ಹೊಲಿದು ತೊಡಿಸಿದರೆ ಸಾಲದು. ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದಲ್ಲಿ ಹಳೆಯ ಇಂಗ್ಲಿಷ್ ಪಠ್ಯಗಳಿಗಾಗಿ ಸಿದ್ಧವಾದ ವಾರ್ಡ್ ಎಂಬ ತಂತ್ರಾಂಶ ಇನ್ನೊಂದು ದಾರಿ ಹಿಡಿಯಿತು: ತಿಳಿದಿರುವ ಭೇದಗಳ ಪಟ್ಟಿ, ಅಕ್ಷರ ಬದಲಾವಣೆಯ ಸೂತ್ರ, ಉಚ್ಚಾರ ಸಾಮ್ಯ, ಬದಲಾವಣೆಗಳ ಎಣಿಕೆ ನಾಲ್ಕನ್ನೂ ಸೇರಿಸಿ, ಪ್ರತಿ ಊಹೆಗೂ ಇಷ್ಟು ನಂಬಬಹುದು ಎಂಬ ಅಂಕ ಕೊಡುವುದು. ಇದು ನಮಗೆ ಒಳ್ಳೆಯ ಮಾದರಿ, ಆದರೆ ಒಂದು ಮಾತು ಬಿಟ್ಟು. ವಾರ್ಡ್‌ಗೆ ತಲುಪಬೇಕಾದ ಗುರಿಯೊಂದಿದೆ, ಅದು ಇಂದಿನ ಇಂಗ್ಲಿಷ್ ಕಾಗುಣಿತ. ಸ್ಕಾಟ್ಸ್‌ಗೆ ಅಂಥ ಗುರಿಯಿಲ್ಲ. ಇಂಗ್ಲಿಷಿಗೆ ತಿದ್ದಿದರೆ ಅದು ಸ್ಕಾಟ್ಸ್ ಆಗಿ ಉಳಿಯುವುದೇ ಇಲ್ಲ. ನಮ್ಮಲ್ಲಿ ಪೊಂಬುರ್ಚವನ್ನು ಹುಂಚ ಎಂದು ತಿದ್ದಿಬಿಟ್ಟರೆ ಶಾಸನದ ಕಾಲವೇ ಅಳಿಸಿಹೋಗುತ್ತದೆ.

ಇಂಥ ಸೂತ್ರಗಳನ್ನು ಕಟ್ಟುವುದು ಕನ್ನಡಕ್ಕೆ ಹೊಸ ವಿದ್ಯೆಯಲ್ಲ ಎಂಬುದನ್ನು ಒತ್ತಿ ಹೇಳಬೇಕು. ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದ ಅಪಭ್ರಂಶ ಪ್ರಕರಣದಲ್ಲಿ ಮಾಡಿದ್ದು ಇದೇ ಕೆಲಸ: ಸಂಸ್ಕೃತದ ಯಾವ ಅಕ್ಷರ ಕನ್ನಡದಲ್ಲಿ ಯಾವುದಾಗುತ್ತದೆ, ಪದದ ಯಾವ ಜಾಗದಲ್ಲಿ ಆಗುತ್ತದೆ ಎಂದು ವಿಂಗಡಿಸಿಟ್ಟದ್ದು. ಶಕಾರ ಸಕಾರವಾಗುತ್ತದೆ, ಯಕಾರ ಜಕಾರವಾಗುತ್ತದೆ, ವಕಾರ ಬಕಾರವಾಗುತ್ತದೆ, ಮಹಾಪ್ರಾಣ ಅಲ್ಪಪ್ರಾಣವಾಗುತ್ತದೆ. ಯಂತ್ರಕ್ಕೆ ಬೇಕಾದದ್ದೂ ಹೀಗೆ ಸ್ಥಾನ ಗೊತ್ತುಮಾಡಿದ ಸೂತ್ರಗಳೇ. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ರೞ, ಕುಳ, ಕ್ಷಳ ಎಂದು ಲಕಾರದ ಬಂಧುಗಳನ್ನು ಕೇಶಿರಾಜ ಬಿಡಿಸಿ ಹೇಳಿದ, ರೞವಿರುವ ಪದಗಳನ್ನು ಪಟ್ಟಿಮಾಡಿದ. ಬಾಯಿಮಾತಿನಲ್ಲಿ ೞ ಆಗಲೇ ಸಡಿಲಾಗಿ, ಬರೆಯುವವರು ಗೊಂದಲಕ್ಕೆ ಬೀಳುತ್ತಿದ್ದುದರಿಂದಲೇ ಆ ಪಟ್ಟಿ ಬೇಕಾಯಿತು ಎಂದು ನಾನು ಊಹಿಸುತ್ತೇನೆ. ಬಾೞ್ ಎಂದರೆ ಬದುಕು, ಬಾಳ್ ಎಂದರೆ ಕತ್ತಿ. ಆೞ್ ಎಂದರೆ ಮುಳುಗು, ಆಳ್ ಎಂದರೆ ಆಳುವುದು. ಅಱಿ ಎಂದರೆ ತಿಳಿ, ಅರಿ ಎಂದರೆ ಕತ್ತರಿಸು. ೞ ಕಂಡಲ್ಲೆಲ್ಲ ಳ ಹಾಕು, ಱ ಕಂಡಲ್ಲೆಲ್ಲ ರ ಹಾಕು ಎಂದು ಪಠ್ಯವನ್ನೇ ಬದಲಿಸುವ ಸಂಕಲನಕಾರ ಈ ಜೋಡಿಗಳನ್ನೆಲ್ಲ ಒಂದೇ ಮೂಟೆಗೆ ಕಟ್ಟುತ್ತಾನೆ. ಹುಡುಕುವವನಿಗೆ ಎರಡೂ ಸಿಗಬೇಕು, ನಿಜ. ಆದರೆ ಪುಟದ ಮೇಲೆ ಇದ್ದದ್ದು ಯಾವುದು ಎಂಬುದು ಅಳಿಯಬಾರದು. ನಮ್ಮ ಗ್ರಂಥಸಂಪಾದನೆಯ ಪರಂಪರೆ ಇದನ್ನು ಚೆನ್ನಾಗಿ ಬಲ್ಲದು. ಡಿ. ಎಲ್. ನರಸಿಂಹಾಚಾರ್ ಅವರಂಥವರು ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಕಾಪಾಡುವುದನ್ನು ಶಿಸ್ತಾಗಿ ಬೆಳೆಸಿದರು. ಗಣಕಕ್ಕೆ ಹೋದ ಮಾತ್ರಕ್ಕೆ ಆ ಶಿಸ್ತು ಸಡಿಲವಾಗಲು ಕಾರಣವೇ ಇಲ್ಲ; ಅಲ್ಲಿ ಜಾಗದ ಕೊರತೆಯೂ ಇಲ್ಲ.

ಈಗ ಎದುರುವಾದಗಳಿಗೆ ಬರುತ್ತೇನೆ. ಮೊದಲನೆಯದು, ಮತ್ತು ನನಗೆ ಎಲ್ಲಕ್ಕಿಂತ ಬಲವಾಗಿ ಕಾಣುವುದು, ಭಾಷೆಯ ಒಳಗಿನಿಂದಲೇ ಬರುತ್ತದೆ. ಧ್ವನಿಚರಿತ್ರೆಯನ್ನು ಸೂತ್ರವಾಗಿಸಿದರೆ ಭಾಷೆ ಬೇರ್ಪಡಿಸಿಟ್ಟ ಪದಗಳನ್ನೂ ಯಂತ್ರ ಕೂಡಿಸಿಬಿಡುತ್ತದಲ್ಲ? ಯಾತ್ರೆಯೇ ಜಾತ್ರೆಯಾದದ್ದು ನಿಜ. ಆದರೆ ಸಿಗಂದೂರಿಗೆ ವರ್ಷವಿಡೀ ಯಾತ್ರೆ, ಜನವರಿಯಲ್ಲಿ ಜಾತ್ರೆ. ಇಂದಿನ ಕನ್ನಡದಲ್ಲಿ ಎರಡರ ಅರ್ಥ ಬೇರೆ. ವಸತಿಯಿಂದ ಬಸದಿ ಬಂತು. ಆದರೆ ಹುಂಚದ ಪಂಚಬಸದಿಯನ್ನು ಹುಡುಕುವವನಿಗೆ ಯಾತ್ರಿಕರ ವಸತಿಗೃಹಗಳ ಪಟ್ಟಿ ಕೊಟ್ಟರೆ ಏನು ಪ್ರಯೋಜನ? ಪಾಲ್ ಹಾಲಾಯಿತು, ಆದರೆ ಆಸ್ತಿಯ ಪಾಲು ಪಾಲಾಗಿಯೇ ಉಳಿದಿದೆ. ಪೂಜೆ, ಪಾದ, ಪತ್ರ ಯಾವುವೂ ಹಕಾರದ ಕಡೆಗೆ ಹೊರಳಲಿಲ್ಲ. ಈ ಆಕ್ಷೇಪವನ್ನು ತಳ್ಳಿಹಾಕಲಾಗದು, ಒಪ್ಪಿಕೊಂಡೇ ಮುಂದೆ ಹೋಗಬೇಕು. ಅದು ಸೂತ್ರಗಳನ್ನು ಬಿಡಿ ಎನ್ನುವುದಿಲ್ಲ, ಸೂತ್ರಗಳಿಗೆ ಕಾಲವನ್ನೂ ದಿಕ್ಕನ್ನೂ ಕೊಡಿ ಎನ್ನುತ್ತದೆ. ಹತ್ತನೆಯ ಶತಮಾನದ ಪಠ್ಯದ ಪಕಾರವನ್ನು ಇಂದಿನ ಹಕಾರದೊಡನೆ ಹೊಂದಿಸುವುದು ಸರಿ. ಇಪ್ಪತ್ತೊಂದನೆಯ ಶತಮಾನದ ಪಹಣಿಯ ‘ಪಾಲು’ ಎಂಬುದನ್ನು ಹಾಲಿನೊಡನೆ ಹೊಂದಿಸಲು ಕಾರಣವಿಲ್ಲ. ಶಾಸನಗಳ ವಿಷಯದಲ್ಲಿ ನಮ್ಮದೊಂದು ಭಾಗ್ಯವಿದೆ: ಹಲವಕ್ಕೆ ಶಕವರ್ಷವೇ ಕೆತ್ತಿದೆ, ಇಲ್ಲದ್ದಕ್ಕೆ ಲಿಪಿ ನೋಡಿ ವಿದ್ವಾಂಸರು ಕಾಲ ಹೇಳಿದ್ದಾರೆ. ಸೂತ್ರ ಊಹೆಗಳನ್ನು ಮುಂದಿಡುತ್ತದೆ. ಕಾಲವೂ ನಿಘಂಟೂ ಅವನ್ನು ಜರಡಿ ಹಿಡಿಯುತ್ತವೆ. ಕಿಟ್ಟೆಲ್ 1894ರಲ್ಲಿ ಪ್ರಕಟಿಸಿದ ನಿಘಂಟು ಒಂದು ರೂಪದಿಂದ ಇನ್ನೊಂದಕ್ಕೆ ನೋಡಿರಿ ಎಂದು ಕೈತೋರುತ್ತಲೇ ಇರುತ್ತದೆ. ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟು ಪ್ರಯೋಗಗಳನ್ನು ಕೊಡುತ್ತದೆ. ಆ ಕೈತೋರಿಕೆಗಳೇ ಯಂತ್ರಕ್ಕೆ ಸಿದ್ಧ ಪಾಠ.

ಎರಡನೆಯ ಆಕ್ಷೇಪ ಇಂದಿನ ಕಾಲದ್ದು. ಕೃತಕ ಬುದ್ಧಿಮತ್ತೆಯ ದೊಡ್ಡ ಮಾದರಿಗಳು ರಾಶಿ ಪಠ್ಯವನ್ನು ಓದಿ ಇವನ್ನೆಲ್ಲ ತಾವೇ ಕಲಿಯುತ್ತವೆ, ಕೈಯಿಂದ ಸೂತ್ರ ಬರೆಯುವ ಕಾಲ ಮುಗಿಯಿತು ಎನ್ನುತ್ತಾರೆ. ರಾಶಿ ಪಠ್ಯವಿರುವಲ್ಲಿ ಈ ಮಾತು ಒಪ್ಪತಕ್ಕದ್ದೇ. ಆದರೆ ಜಾಲದಲ್ಲಿ ಸಿಗುವ ಕನ್ನಡ ಬಹುಪಾಲು ಇತ್ತೀಚಿನದು, ಪತ್ರಿಕೆಗಳದ್ದು. ೞಕಾರವಿರುವ ಸಾಲು ಅದರಲ್ಲಿ ಅಪರೂಪ. ಕೆಳದಿ ಕಾಲದ ಕಡತದ ಸಾಲು ಇನ್ನೂ ಅಪರೂಪ. ಇಡೀ ಸಂಪುಟದಲ್ಲಿ ಒಮ್ಮೆ ಬರುವ ಹಳ್ಳಿಯ ಹೆಸರನ್ನು ಎಣಿಕೆಯ ಬಲದಿಂದ ಕಲಿಯಲು ಬರುವುದಿಲ್ಲ. ಅಂಥ ಮಾದರಿ ತಾನು ಹೆಚ್ಚು ಕಂಡ ರೂಪದ ಕಡೆಗೆ ಎಲ್ಲವನ್ನೂ ಎಳೆಯುತ್ತದೆ, ಎಂದರೆ ನಾನು ಬೇಡವೆನ್ನುವ ತಿದ್ದುವಿಕೆಯನ್ನೇ ಮಾಡುತ್ತದೆ. ಜೊತೆಗೆ ಈ ಎರಡು ರೂಪಗಳು ಒಂದೇ ಎಂದು ಏಕೆ ಹೇಳಿದೆ ಎಂದು ಕೇಳಿದರೆ, ಪರೀಕ್ಷಿಸಬಹುದಾದ ಉತ್ತರ ಅದರಿಂದ ಸುಲಭವಾಗಿ ಬರುವುದಿಲ್ಲ. ಸೂತ್ರವಾದರೆ ಪಕಾರ ಹಕಾರವಾಯಿತು, ರೇಫ ಲೀನವಾಯಿತು ಎಂದು ಹೆಜ್ಜೆ ಹೆಜ್ಜೆಯಾಗಿ ತೋರಿಸುತ್ತದೆ. ತೀರ್ಥಹಳ್ಳಿಯ ಒಬ್ಬ ಹೈಸ್ಕೂಲು ಮೇಷ್ಟ್ರು ಅದನ್ನು ಪರಿಶೀಲಿಸಿ ಈ ಹೆಜ್ಜೆ ತಪ್ಪು ಎನ್ನಬಹುದು. ಮಾದರಿಗಳನ್ನು ದೂರವಿಡಬೇಕೆಂದು ನಾನು ಹೇಳುತ್ತಿಲ್ಲ. ಸೂತ್ರಗಳಿಂದ ಹೊಂದಿಸಿ, ಮನುಷ್ಯರು ಪರಿಶೀಲಿಸಿದ ಜೋಡಿಗಳನ್ನು ಮೊದಲು ಮಾಡಿಟ್ಟರೆ ಮಾದರಿಗೂ ಅದು ಒಳ್ಳೆಯ ಆಹಾರ.

ಮೂರನೆಯವರು, ಬರಹಭೇದಕ್ಕೆ ಹೀಗೆ ಮರ್ಯಾದೆ ಕೊಟ್ಟರೆ ಶಾಲೆಯ ಮಕ್ಕಳ ಕಾಗುಣಿತ ಕೆಡುತ್ತದೆ ಎನ್ನುತ್ತಾರೆ. ಹುಡುಕುವ ಯಂತ್ರ ಪಾಠ ಹೇಳುವ ಯಂತ್ರವಲ್ಲ. ಆದರೆ ಇಲ್ಲೊಂದು ಎಚ್ಚರ ಬೇಕು: ಭೇದ ಬೇರೆ, ದೋಷ ಬೇರೆ. ಅಚ್ಚಾದ ಪುಟವನ್ನು ಯಂತ್ರ ಓದುವಾಗ ಪ, ವ, ಷಗಳು ಅದರ ಕಣ್ಣಿಗೆ ಒಂದನ್ನೊಂದು ಹೋಲುತ್ತವೆ. ‘ಪರ್ವ’ ‘ವರ್ವ’ ಆದೀತು. ಅದು ಯಾರೂ ಎಂದೂ ನುಡಿಯದ, ಬರೆಯದ ರೂಪ, ಅದನ್ನು ತಿದ್ದಲೇಬೇಕು. ಕಡತದ ಕರಣಿಕ ಒಂದು ಎನ್ನುವಲ್ಲಿ ‘ವಂದು’ ಎಂದೂ ಎಲ್ಲ ಎನ್ನುವಲ್ಲಿ ‘ಯೆಲ್ಲ’ ಎಂದೂ ಬರೆದದ್ದು ಹಾಗಲ್ಲ. ಅದು ಅವನ ಕಿವಿ ಕೇಳಿದ್ದು. ವರ್ಷವನ್ನು ‘ವರುಷ’ ಎಂದದ್ದೂ ಅದೇ. ಅಕ್ಷರದ ಆಕಾರ ಹೋಲುವುದರಿಂದ ಆದ ವ್ಯತ್ಯಾಸಕ್ಕೆ ಒಂದು ಪಟ್ಟಿ, ಧ್ವನಿ ಹೋಲುವುದರಿಂದ ಆದದ್ದಕ್ಕೆ ಇನ್ನೊಂದು ಪಟ್ಟಿ, ಎರಡನ್ನೂ ಬೆರೆಸದೆ ಇಡುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ಮೊದಲು ಮಾಡಬೇಕಾದದ್ದು.

ಊರಿನ ಹೆಸರಿನಲ್ಲಿ ಆದ ತಪ್ಪು ಹೊಂದಾಣಿಕೆ ಓದುಗನ ಸಮಯ ಕಳೆದೀತು, ಅಷ್ಟೆ. ಜನರ ಹೆಸರಿನಲ್ಲಿ ಹಾಗಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಕರೂರು, ಬಾರಂಗಿ ಸೀಮೆಯ ಎಷ್ಟೋ ಊರುಗಳು ಮುಳುಗಿದವು. ಎಬ್ಬಿಸಲ್ಪಟ್ಟವರ ಮಕ್ಕಳು ಮೊಮ್ಮಕ್ಕಳು ಇಂದಿಗೂ ಹಳೆಯ ಊರಿನ ದಾಖಲೆಯನ್ನು ಹೊಸ ಊರಿನ ದಾಖಲೆಯೊಡನೆ ಜೋಡಿಸಿ ತೋರಿಸಬೇಕಾಗುತ್ತದೆ. ಅಜ್ಜನ ಹೆಸರು ಕೈಬರಹದ ಪಹಣಿಯಲ್ಲಿ ಒಂದು ರೀತಿ, ಭೂಮಿ ಯೋಜನೆಯಲ್ಲಿ ಗಣಕಕ್ಕೆ ಏರಿದ ಪಹಣಿಯಲ್ಲಿ ಇನ್ನೊಂದು ರೀತಿ, ಆಧಾರ್‌ನಲ್ಲಿ ಮತ್ತೊಂದು ರೀತಿ ಇರಬಹುದು. ಹೀಗಿರುವಾಗ ಬರಹಭೇದಗಳನ್ನೆಲ್ಲ ಕಲೆಹಾಕಿ ಎದುರಿಗಿಡುವ ಹುಡುಕಾಟ ಅವರಿಗೆ ದೊಡ್ಡ ಉಪಕಾರ. ಆದರೆ ಅದೇ ಯಂತ್ರ ಈ ಇಬ್ಬರೂ ಒಬ್ಬರೇ ಎಂದು ತೀರ್ಮಾನಿಸಬಾರದು. ನಾಯ್ಕ, ನಾಯಕ ಎಂಬ ಎರಡು ಬರಹಗಳು ಧ್ವನಿಸೂತ್ರಕ್ಕೆ ಒಂದೇ. ನಮ್ಮ ಶರಾವತಿ ಸೀಮೆಯಲ್ಲಿ ಅವುಗಳ ಹಿಂದೆ ಬೇರೆ ಬೇರೆ ಸಮುದಾಯಗಳಿರಬಹುದು, ಬೇರೆ ಬೇರೆ ಹಕ್ಕುಗಳಿರಬಹುದು. ಹುಡುಕಿಕೊಡುವುದು ಯಂತ್ರದ ಕೆಲಸ. ಒಪ್ಪುವುದು, ತಳ್ಳುವುದು ದಾಖಲೆ ಬಲ್ಲ ಮನುಷ್ಯರ ಹೊಣೆ. ಈ ಗೆರೆಯನ್ನು ತಂತ್ರಾಂಶದೊಳಗೇ ಬರೆಯಬೇಕೆಂದು ನಾನು ಬಲವಾಗಿ ನಂಬುತ್ತೇನೆ. ಬಳಸುವವರ ವಿವೇಕಕ್ಕೆ ಬಿಟ್ಟರೆ ಸಾಲದು.

ಕೊನೆಯದಾಗಿ ಸ್ಕಾಟ್ಸ್‌ಗೆ ತೀರ ಹತ್ತಿರದ ಉದಾಹರಣೆ ನಮ್ಮ ಮನೆಗಳಲ್ಲೇ ಇದೆ, ಅದು ಸಾಗರ ಸೀಮೆಯ ಹವ್ಯಕ ಕನ್ನಡ. ಇದುವರೆಗೆ ಮಾತಿನಲ್ಲಿದ್ದುದು ಈಗ ಮೊಬೈಲಿನಲ್ಲಿ, ನಾಟಕಗಳಲ್ಲಿ, ಪದ್ಯಗಳಲ್ಲಿ ಬರಹವಾಗುತ್ತಿದೆ, ಒಬ್ಬೊಬ್ಬರು ಒಂದೊಂದು ಕಾಗುಣಿತದಲ್ಲಿ. ‘ಬರುತ್ತದೆ’ ಎಂಬುದಕ್ಕೆ ಒಬ್ಬರು ‘ಬತ್ತು’ ಎಂದರೆ ಇನ್ನೊಬ್ಬರು ‘ಬರ್ತು’. ಗ್ರಂಥಸ್ಥ ಕನ್ನಡದ ನಿಘಂಟಿಟ್ಟುಕೊಂಡ ಯಂತ್ರಕ್ಕೆ ‘ಬರ್ತು’ ಎಂಬುದು ತಪ್ಪು, ‘ಬತ್ತು’ ಎಂಬುದು ಸರಿ. ಆದರೆ ಆ ‘ಸರಿ’ಗೆ ಅದು ಕೊಡುವ ಅರ್ಥ ಒಣಗು, ಇಂಗು. ‘ನೀರು ಬತ್ತು’ ಎಂದು ಮನೆಯವರು ಬರೆದದ್ದು ನೀರು ಬರುತ್ತಿದೆ ಎಂಬ ಅರ್ಥದಲ್ಲಿ. ಯಂತ್ರ ಓದುವುದು ನೀರು ಇಂಗುವ ಮಾತೆಂದು. ಇಲ್ಲಿ ಧ್ವನಿಸೂತ್ರ ಒಂದರಿಂದಲೇ ದಾರಿ ಸಿಗುವುದಿಲ್ಲ. ಈ ಸಾಲು ಯಾವ ಕನ್ನಡದ್ದು ಎಂಬ ಗುರುತು ಪಠ್ಯದ ಜೊತೆಗೇ ಇರಬೇಕು. ಆದ್ದರಿಂದ ಕೆಲಸವನ್ನು ಎರಡು ಕಡೆಯಿಂದ ಆರಂಭಿಸಬಹುದು. ಒಂದು ಕಡೆ ಎಂಟನೆಯ ಸಂಪುಟದ ಸಾಗರ, ನಗರ, ತೀರ್ಥಹಳ್ಳಿ ಭಾಗಗಳ ಊರುಹೆಸರುಗಳು: ಪ್ರತಿಯೊಂದಕ್ಕೂ ಕಲ್ಲಿನ ಮೇಲಿನ ರೂಪ, ಶಾಸನದ ಕಾಲ, ಇಂದಿನ ಕಂದಾಯ ದಾಖಲೆಯ ರೂಪ, ಜನರ ಬಾಯಿಯ ರೂಪ, ಎರಡು ರೂಪಗಳ ನಡುವೆ ನಡೆದ ಸೂತ್ರ. ಇನ್ನೊಂದು ಕಡೆ ಹವ್ಯಕರ, ದೀವರ, ಈ ಸೀಮೆಯ ಇತರರ ಮನೆಮಾತಿನ ಪಠ್ಯಗಳು: ಬರೆದವರ ಕಾಗುಣಿತವನ್ನು ಮುಟ್ಟದೆ, ಯಾವ ಊರಿನ ಯಾವ ಮಾತು ಎಂಬ ಗುರುತಿನೊಡನೆ. ಮುಳುಗಡೆಯ ಊರುಗಳ ಹೆಸರು ಹೇಳಬಲ್ಲ ಹಿರಿಯರು ಹಿನ್ನೀರಿನ ದಡದ ತುಮರಿಯ ಸುತ್ತ ಇನ್ನೂ ಇದ್ದಾರೆ. ಬಾಯಿಯ ರೂಪದ ಆ ಅಂಕಣವನ್ನು ತುಂಬುವ ಕೆಲಸ ಅವರಿಂದಲೇ ಮೊದಲಾಗಬೇಕು.